ಹಂದಿಮಾಂಸದ ಬೇಕ್ಡ್ ಬೀನ್ಸ್: ಯಾವ ಕಾಳು, ಯಾವ ಮಾಂಸ, ಯಾವ ಸಿಹಿ, ಯಾವ ಪಾತ್ರೆ?

ಬೇಯುತ್ತಿರುವ ಪಾತ್ರೆಯಿಂದ ಚಮಚದಲ್ಲಿ ನಾಲ್ಕು ಕಾಳು ತೆಗೆದು, ಅದರ ಮೇಲೆ ಉಫ್ ಅಂತ ಊದಿ. ಸಿಪ್ಪೆ ಬಿರಿದು ಸುರುಳಿ ಸುತ್ತಿಕೊಂಡರೆ ಕಾಳು ಓವನ್ನಿಗೆ ಹೋಗಬಹುದು. ಏನೂ ಆಗದಿದ್ದರೆ ಇನ್ನೊಂದು ಹತ್ತು ನಿಮಿಷ ಬೇಯಲಿ. 1896ರಲ್ಲಿ ಬಂದ ಬಾಸ್ಟನ್ ಅಡುಗೆ ಶಾಲೆಯ ಪುಸ್ತಕದಲ್ಲಿ ಫ್ಯಾನಿ ಫಾರ್ಮರ್ ಹೇಳಿದ ಪರೀಕ್ಷೆ ಇದು. ಊದಿದ ಕಾಳನ್ನು ಎಸೆಯಬೇಕು ಅಂತಲೂ ಅವರು ಬರೆದಿದ್ದಾರೆ. ನಾವು ಎಂಜಲು ಅನ್ನುವುದು ಅದನ್ನೇ. ಬಾಸ್ಟನ್ ಬೇಕ್ಡ್ ಬೀನ್ಸ್ ಮಾಡುವಾಗ ಗಡಿಯಾರಕ್ಕಿಂತ ಈ ಊದುವ ಪರೀಕ್ಷೆಯನ್ನೇ ನಾನು ಹೆಚ್ಚು ನಂಬುತ್ತೇನೆ.

ನಾನು ಮೂಡಿಗೆರೆ ಕಡೆಯವಳು. ನಮ್ಮ ಮನೆಯಲ್ಲಿ ಹಂದಿಮಾಂಸ ಅಂದರೆ ಖಾರವಾದ ಸಾರು, ಜೊತೆಗೆ ಬಿಸಿ ಕಡುಬು. ಮದುವೆಯಾಗಿ ಅಮೆರಿಕಕ್ಕೆ, ಬಾಸ್ಟನ್ ಇರುವ ಮ್ಯಾಸಚೂಸೆಟ್ಸ್ ರಾಜ್ಯಕ್ಕೆ ಬಂದ ಮೊದಲ ಚಳಿಗಾಲದಲ್ಲಿ ಪಕ್ಕದ ಮನೆಯ ವೃದ್ಧೆಯೊಬ್ಬರು ಒಂದು ಬೋಗುಣಿ ಬೀನ್ಸ್ ತಂದುಕೊಟ್ಟರು. ಕಂದು ಬಣ್ಣದ ಕಾಳು, ಮೇಲೊಂದು ತುಂಡು ಹಂದಿಯ ಚರ್ಮ. ಡಬ್ಬಿಯ ಬೀನ್ಸ್ ಮಾತ್ರ ತಿಂದು ಗೊತ್ತಿದ್ದ ನನಗೆ ಇದು ಬೇರೆಯದೇ ಪದಾರ್ಥ ಅನ್ನಿಸಿತು. ಕಾಳಿಗೆ ಕಾಳಿನ ರುಚಿ ಇತ್ತು, ಕೊಬ್ಬು ಬಾಯಲ್ಲಿ ಕರಗುತ್ತಿತ್ತು, ಸಿಹಿ ಎಲ್ಲೋ ಹಿಂದೆ ನಿಂತಿತ್ತು. ಅದನ್ನೇ ಮನೆಯಲ್ಲಿ ಮಾಡಲು ಹೋಗಿ ನಾಲ್ಕೈದು ಸಲ ಪಾಯಸದಂತೆ ಸಿಹಿಯಾದ, ಒಳಗೆ ಗಟ್ಟಿ ಉಳಿದ ಕಾಳು ತಿಂದೆವು. ಪ್ರತಿ ಹೆಜ್ಜೆಯಲ್ಲೂ ಎರಡು ಮೂರು ದಾರಿ ಇರುತ್ತದೆ. ಯಾವುದನ್ನು ಹಿಡಿದರೆ ಏನಾಗುತ್ತದೆ ಅಂತ ಮಾಡಿ ನೋಡಿ ತಿಳಿದದ್ದನ್ನು ಇಲ್ಲಿ ಹೇಳುತ್ತೇನೆ. ನನ್ನ ಅಳತೆಗೋಲು ಒಂದೇ: ಇದು ಕಾಳು ಮತ್ತು ಹಂದಿಯ ಅಡುಗೆ, ಸಿಹಿಯ ಅಡುಗೆ ಅಲ್ಲ.

ಇಷ್ಟು ನಿಧಾನ ಯಾಕೆ ಅನ್ನುವುದಕ್ಕೆ ಕಾರಣ ಧರ್ಮದ ಕಟ್ಟಳೆಯಲ್ಲಿದೆ. ನ್ಯೂ ಇಂಗ್ಲೆಂಡಿನ (ಮ್ಯಾಸಚೂಸೆಟ್ಸ್, ಮೇಯ್ನ್ ಎಲ್ಲ ಸೇರಿದ ಅಮೆರಿಕದ ಈಶಾನ್ಯ ಭಾಗ) ಪ್ಯೂರಿಟನ್ನರಿಗೆ, ಅಂದರೆ ಇಂಗ್ಲೆಂಡಿನಿಂದ ಬಂದು ನೆಲೆಸಿದ ಕಟ್ಟುನಿಟ್ಟಿನ ಕ್ರೈಸ್ತ ಪಂಗಡದವರಿಗೆ, ಶನಿವಾರ ಸೂರ್ಯ ಮುಳುಗಿದ ಮೇಲೆ ಭಾನುವಾರ ಸೂರ್ಯ ಮುಳುಗುವವರೆಗೆ ಕೆಲಸ ನಿಷಿದ್ಧ, ಅಡುಗೆಯೂ ಸೇರಿ. ಹಾಗಾಗಿ ಶನಿವಾರವೇ ಕಾಳಿನ ಗಡಿಗೆ ಇಟ್ಟಿಗೆಯ ಒಲೆಯೊಳಗೆ ಸೇರುತ್ತಿತ್ತು. ರಾತ್ರಿಯ ಊಟಕ್ಕೂ ಅದೇ, ಬೆಳಿಗ್ಗೆ ತಿಂಡಿಗೂ ಅದೇ. ಊರಿನ ಬೇಕರಿಯವರು ಮನೆಮನೆಯ ಗಡಿಗೆಗಳನ್ನು ತೆಗೆದುಕೊಂಡು ಹೋಗಿ ತಮ್ಮ ಒಲೆಯಲ್ಲಿ ಬೇಯಿಸಿಕೊಡುವ ಪದ್ಧತಿಯೂ ಇತ್ತು. ಬಾಸ್ಟನ್ನಿಗೆ ಬೀನ್‌ಟೌನ್ ಅನ್ನುವ ಅಡ್ಡಹೆಸರು ಬಂದದ್ದು ಈ ಗಡಿಗೆಗಳಿಂದಲೇ.

ಕಾಳು

ಬಾಸ್ಟನ್ ಶೈಲಿಗೆ ನೇವಿ ಬೀನ್ಸ್. ಬಟಾಣಿಯಷ್ಟೇ ಗಾತ್ರದ ಬಿಳಿ ಕಾಳು, ತೆಳು ಸಿಪ್ಪೆ. ಎಂಟು ಗಂಟೆ ಬೆಂದರೂ ಆಕಾರ ಬಿಡುವುದಿಲ್ಲ, ಒಳಗೆ ಮಾತ್ರ ಬೆಣ್ಣೆ. ಅಮೆರಿಕದ ನೌಕಾಪಡೆಯ ಊಟದಲ್ಲಿ ಇದ್ದದ್ದರಿಂದ ಆ ಹೆಸರು. 1993ರಲ್ಲಿ ಮ್ಯಾಸಚೂಸೆಟ್ಸ್ ಇದನ್ನು ರಾಜ್ಯದ ಅಧಿಕೃತ ಕಾಳು ಅಂತಲೇ ಘೋಷಿಸಿತು.

ಉತ್ತರಕ್ಕೆ ಮೇಯ್ನ್ ರಾಜ್ಯಕ್ಕೆ ಹೋದರೆ ಕಾಳು ಬದಲಾಗುತ್ತದೆ. ಅಲ್ಲಿಯವರಿಗೆ ದೊಡ್ಡ ಕಾಳೇ ಬೇಕು. ಯೆಲ್ಲೊ ಐ ಬಿಳಿ ಕಾಳು, ಕಣ್ಣಿನ ಸುತ್ತ ಸಾಸಿವೆ ಹಳದಿಯ ಮಚ್ಚೆ. ಜೇಕಬ್ಸ್ ಕ್ಯಾಟಲ್ ಮೇಲೆ ಹಸುವಿನ ಮೈಮೇಲಿರುವಂತೆ ಕೆಂಗಂದು ಮಚ್ಚೆ. ಸೋಲ್ಜರ್ ಕಾಳಿನ ಹೊಕ್ಕುಳಲ್ಲಿ ಕಂದು ಬಣ್ಣದ ಪುಟ್ಟ ಸಿಪಾಯಿ ನಿಂತಂತೆ ಕಾಣುತ್ತದೆ. ಇವು ಬೆಂದಾಗ ಹೆಚ್ಚು ಹಿಟ್ಟುಹಿಟ್ಟು, ರಸವೂ ದಪ್ಪ. ಯೆಲ್ಲೊ ಐ ರುಚಿ ನನಗೆ ಬಹಳ ಇಷ್ಟ. ಮೇಪಲ್ ಸಿರಪ್ (ಮೇಪಲ್ ಮರದ ರಸ ಕಾಯಿಸಿದ ಪಾಕ) ಹಾಕುವುದಾದರೆ ನೇವಿಗಿಂತ ಅದೇ ಸರಿ. ಆದರೆ ಮೊದಲ ಸಲ ಮಾಡುವವರು ನೇವಿ ಬೀನ್ಸ್ ತೆಗೆದುಕೊಳ್ಳಿ, ಸಣ್ಣಪುಟ್ಟ ತಪ್ಪನ್ನು ಅದು ತಡೆದುಕೊಳ್ಳುತ್ತದೆ. ಗ್ರೇಟ್ ನಾರ್ದರ್ನ್ ಅನ್ನುವ ಕಾಳು ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ನೋಡಲು ಚೆಂದ, ಆದರೆ ನಾಲ್ಕೈದು ಗಂಟೆಗೇ ಒಡೆಯಲು ಶುರುಮಾಡುತ್ತದೆ.

ಬೆಂಗಳೂರು, ಮಂಗಳೂರಿನಲ್ಲಿ ಮಾಡುವವರಿಗೆ ಸಣ್ಣ ಬಿಳಿ ರಾಜ್ಮಾ ಸಾಕು. ನೇವಿ ಬೀನ್ಸ್, ರಾಜ್ಮಾ, ನಮ್ಮ ಪಲ್ಯದ ಹುರುಳಿಕಾಯಿ ಎಲ್ಲವೂ ಒಂದೇ ಜಾತಿಯ ಗಿಡದ್ದು, ಅಮೆರಿಕ ಖಂಡದಿಂದ ಬಂದದ್ದು. ಅಲಸಂದೆ ಬೇಡ, ಅಷ್ಟು ಹೊತ್ತಿನ ಶಾಖಕ್ಕೆ ಅದು ಮುದ್ದೆಯಾಗುತ್ತದೆ. ಅವರೆಕಾಳಿಗೆ ಅದರದೇ ಗಾಢವಾದ ಪರಿಮಳ ಇದೆ, ಹಂದಿಯ ಜೊತೆ ಬಸ್ಸಾರಿನ ನೆನಪೇ ಮುಂದೆ ಬರುತ್ತದೆ.

ಜಾತಿಗಿಂತ ವಯಸ್ಸು ಮುಖ್ಯ. ಡಬ್ಬದ ತಳದಲ್ಲಿ ಎರಡು ವರ್ಷ ಕೂತ ಕಾಳು ಏನು ಮಾಡಿದರೂ ಮೆತ್ತಗಾಗುವುದಿಲ್ಲ. ಮುಷ್ಟಿಯಲ್ಲಿ ಹಿಡಿದು ನೋಡಿ. ಸುಕ್ಕು, ಬಿರುಕು, ಮಂಕು ಬಣ್ಣ ಇದ್ದರೆ ಬಿಟ್ಟುಬಿಡಿ.

ನೆನೆಸುವುದು, ಮೊದಲ ಬೇಯಿಸುವಿಕೆ

ರಾತ್ರಿ ನೆನೆಸುವಾಗ ಎರಡು ಲೀಟರ್ ನೀರಿಗೆ 30 ಗ್ರಾಂ ಉಪ್ಪು ಹಾಕಿ. ಉಪ್ಪು ಹಾಕಿದರೆ ಕಾಳು ಗಟ್ಟಿಯಾಗುತ್ತದೆ ಅನ್ನುವ ಮಾತು ನೆನೆಸುವ ನೀರಿಗೆ ಸಲ್ಲುವುದಿಲ್ಲ. ಉಪ್ಪುನೀರಿನಲ್ಲಿ ನೆನೆದ ಕಾಳಿನ ಸಿಪ್ಪೆ ಮೃದುವಾಗಿರುತ್ತದೆ, ಬೇಯುವಾಗ ಒಡೆಯುವುದೂ ಕಡಿಮೆ. ಮರೆತುಹೋಗಿದ್ದರೆ ಎರಡು ನಿಮಿಷ ಕುದಿಸಿ, ಮುಚ್ಚಿ, ಒಂದು ಗಂಟೆ ಬಿಟ್ಟರೂ ನಡೆಯುತ್ತದೆ. ಆದರೆ ಕೆಲವು ಕಾಳು ನೆಂದು ಕೆಲವು ನೆನೆಯದೆ ಇರುತ್ತವೆ.

ನಾನು ಹಾಳುಮಾಡಿದ ಬೀನ್ಸ್ ಎಲ್ಲವೂ ಇದರ ನಂತರದ ಹೆಜ್ಜೆಯಲ್ಲೇ ಹಾಳಾದದ್ದು. ನೆನೆದ ಕಾಳನ್ನು ನೇರವಾಗಿ ಕಾಕಂಬಿ (ಕಬ್ಬಿನಿಂದ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ, ಮೊಲಾಸಿಸ್), ಸಾಸಿವೆ, ಹಂದಿ ಎಲ್ಲದರ ಜೊತೆ ಓವನ್ನಿಗೆ ಇಡುತ್ತಿದ್ದೆ. ಸಂಜೆಗೆ ನೋಡಿದರೆ ಹೊರಗೆ ಬಣ್ಣ ಬಂದಿರುತ್ತಿತ್ತು, ಕಚ್ಚಿದರೆ ಒಳಗೆ ಸುಣ್ಣದ ಕಡ್ಡಿ. ಊರಲ್ಲಿ ತೊಗರಿಬೇಳೆ ಬೇಯುವ ಮೊದಲೇ ಹುಣಸೆಹುಳಿ ಹಾಕಿದಾಗ ಅಮ್ಮ ಬೈದದ್ದು ಆಗ ನೆನಪಾಯಿತು. ಇಲ್ಲಿಯೂ ಅದೇ ಸಂಗತಿ. ಕಾಕಂಬಿಯಲ್ಲಿ ಹುಳಿ ಇದೆ, ಸಕ್ಕರೆ ಇದೆ, ಸುಣ್ಣದ ಅಂಶವಾದ ಕ್ಯಾಲ್ಸಿಯಂ ಇದೆ. ಮೂರೂ ಕಾಳಿನ ಜೀವಕೋಶದ ಗೋಡೆ ಕರಗದಂತೆ ಹಿಡಿದಿಡುತ್ತವೆ. ಮೆತ್ತಗಾದ ಕಾಳಿಗೆ ಇದು ಉಪಕಾರ, ಎಂಟು ಗಂಟೆ ಬೆಂದರೂ ಕದಡುವುದಿಲ್ಲ. ಮೆತ್ತಗಾಗದ ಕಾಳಿಗೆ ಇದೇ ಶಾಪ.

ಹಾಗಾಗಿ ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಸಣ್ಣ ಕುದಿಯಲ್ಲಿ ಬೇಯಿಸಿ, ಊದಿ ನೋಡಿ, ಆಮೇಲೆ ಸಿಹಿ ಸೇರಿಸಿ. ನಿಮ್ಮ ನೀರು ಗಡಸಾಗಿದ್ದರೆ ಈ ಹಂತದಲ್ಲಿ ಒಂದು ಚಿಟಿಕೆ ಅಡುಗೆ ಸೋಡಾ ಹಾಕಬಹುದು, ಆದರೆ ಆಗ ಆ ನೀರನ್ನು ಬಸಿದು ಚೆಲ್ಲಬೇಕು. ಸೋಡಾ ಹಾಕದೆ ಬೇಯಿಸಿದ್ದರೆ ಕಟ್ಟನ್ನು ಚೆಲ್ಲಬೇಡಿ. ಕಟ್ಟಿನ ಬೆಲೆ ಕನ್ನಡದವರಿಗೆ ಹೇಳಿಕೊಡಬೇಕಿಲ್ಲ. ಓವನ್ನಿನ ಗಡಿಗೆಗೆ ಹುಯ್ಯಲು ಅದಕ್ಕಿಂತ ಒಳ್ಳೆಯ ನೀರಿಲ್ಲ.

ಮಾಂಸ

ಸಾಂಪ್ರದಾಯಿಕವಾಗಿ ಹಾಕುವುದು ಸಾಲ್ಟ್ ಪೋರ್ಕ್. ಹಂದಿಯ ಹೊಟ್ಟೆಯ ಭಾಗ ಅಥವಾ ಬೆನ್ನಿನ ಕೊಬ್ಬನ್ನು ಉಪ್ಪಿನಲ್ಲಿ ಹೂತಿಟ್ಟು ಹದಮಾಡಿದ್ದು. ಹೊಗೆ ಹಾಕಿರುವುದಿಲ್ಲ. ಬೇಕನ್ನಿಗೂ ಇದಕ್ಕೂ ಇರುವ ವ್ಯತ್ಯಾಸ ಅದೇ. ಅಂಗಡಿಯಲ್ಲಿ ತರುವಾಗ ಚರ್ಮ ಇರುವ ತುಂಡನ್ನೇ ಕೇಳಿ, ಕೊಬ್ಬಿನ ನಡುವೆ ಕೆಂಪು ಮಾಂಸದ ಗೆರೆ ಇದ್ದರೆ ಇನ್ನೂ ಒಳ್ಳೆಯದು. ತುಂಡನ್ನು ಮೂರು ನಾಲ್ಕು ನಿಮಿಷ ಕುದಿಯುವ ನೀರಿನಲ್ಲಿ ಅದ್ದಿ ತೆಗೆದರೆ ಹೆಚ್ಚಿನ ಉಪ್ಪು ಹೋಗುತ್ತದೆ. ಆಮೇಲೆ ಚರ್ಮದ ಮೇಲೆ ಚೌಕಚೌಕವಾಗಿ, ಬೆರಳಿನ ಅರ್ಧ ಗಿಣ್ಣಿನಷ್ಟು ಆಳಕ್ಕೆ ಕೊಯ್ಯಿರಿ. ಆ ಗೀರುಗಳಿಂದಲೇ ಕೊಬ್ಬು ಇಡೀ ದಿನ ನಿಧಾನವಾಗಿ ಕರಗಿ ಕಾಳಿನ ಒಳಕ್ಕೆ ಇಳಿಯುವುದು.

ಬೇಕನ್ ಸುಲಭ, ಎಲ್ಲೆಡೆ ಸಿಗುತ್ತದೆ. ಹಾಕಿದರೆ ಅಡುಗೆ ಕೆಟ್ಟುಹೋಗುತ್ತದೆ ಅಂತಲ್ಲ. ಆದರೆ ಹೊಗೆಯ ವಾಸನೆ ಎಂಟು ಗಂಟೆ ಮುಚ್ಚಿದ ಪಾತ್ರೆಯಲ್ಲಿ ಕೂತರೆ ಬೇರೆ ಯಾವ ರುಚಿಗೂ ಜಾಗ ಬಿಡುವುದಿಲ್ಲ. ಬೇಕನ್ನೇ ಗತಿ ಅನ್ನುವಾಗ ತೆಳು ಪಟ್ಟಿಗಳನ್ನು ಬಿಟ್ಟು ಕತ್ತರಿಸದ ಇಡೀ ತುಂಡನ್ನು ತನ್ನಿ, ಅಳತೆಯನ್ನೂ ಅರ್ಧ ಮಾಡಿ. ಹ್ಯಾಮ್ ಹಾಕ್ ಅಂದರೆ ಹೊಗೆ ಹಾಕಿದ ಕಾಲಿನ ಗೆಣ್ಣು. ಸೂಪಿಗೆ ಬಹಳ ಚೆನ್ನ, ಇಲ್ಲಿಗೆ ಅದರಲ್ಲಿ ಕೊಬ್ಬು ಸಾಲದು.

ಕೊಡಗು, ಮಲೆನಾಡು, ಮಂಗಳೂರಿನವರಿಗೆ ಮನೆಯಲ್ಲೇ ಮಾಡಿಕೊಳ್ಳುವ ದಾರಿ ಇದೆ. ಚರ್ಮ, ಕೊಬ್ಬು, ಮಾಂಸ ಮೂರೂ ಪದರ ಇರುವ ಹೊಟ್ಟೆಯ ಭಾಗವನ್ನು ಒಂದೇ ತುಂಡಾಗಿ ಕೊಡಲು ಹೇಳಿ. ಕಿಲೋಗೆ 30 ಗ್ರಾಂ ಉಪ್ಪು, ಒಂದು ಚಮಚ ಪುಡಿಬೆಲ್ಲ ಸವರಿ, ಮುಚ್ಚಿ ಫ್ರಿಜ್ಜಿನಲ್ಲಿ ಮೂರು ದಿನ ಇಡಿ, ದಿನಕ್ಕೊಮ್ಮೆ ತಿರುಗಿಸಿ. ಇದು ತಿಂಗಳುಗಟ್ಟಲೆ ಇಡುವ ಉಪ್ಪುಮಾಂಸ ಅಲ್ಲ, ಮೂರನೆಯ ದಿನವೇ ಬಳಸಿಬಿಡಬೇಕು. ಉಪ್ಪು ಹಚ್ಚದ ಹಸಿ ಮಾಂಸವನ್ನೇ ಹಾಕಿಯೂ ನೋಡಿದ್ದೇನೆ. ಕೊಬ್ಬೇನೋ ಕರಗಿತು, ಮಾಂಸ ಮಾತ್ರ ಬೇಯಿಸಿದ ಸಪ್ಪೆ ತುಂಡಾಗಿ ಉಳಿಯಿತು. ಮೂರು ದಿನದ ಉಪ್ಪು ಆ ಸಪ್ಪೆಯನ್ನು ಹೋಗಲಾಡಿಸುತ್ತದೆ.

ಎಷ್ಟು ಹಾಕಬೇಕು? ಲಿಡಿಯಾ ಮಾರಿಯಾ ಚೈಲ್ಡ್ ಅವರ 1829ರ ಮನೆವಾರ್ತೆ ಪುಸ್ತಕದಲ್ಲಿ ಒಂದು ಕ್ವಾರ್ಟ್ ಕಾಳಿಗೆ, ಅಂದರೆ ಹೆಚ್ಚುಕಡಿಮೆ 900 ಗ್ರಾಮಿಗೆ, ಒಂದು ಪೌಂಡ್ (ಸುಮಾರು 450 ಗ್ರಾಂ) ಹಂದಿ. ಫ್ಯಾನಿ ಫಾರ್ಮರ್ ಅದನ್ನು ಮುಕ್ಕಾಲು ಪೌಂಡಿಗೆ ಇಳಿಸಿದರು. ನಾನು ಹಳೆಯ ಅಳತೆಯನ್ನೇ ಹಿಡಿದಿದ್ದೇನೆ: 450 ಗ್ರಾಂ ಕಾಳಿಗೆ 225 ಗ್ರಾಂ ಮಾಂಸ.

ಸಿಹಿ

ಆ 1829ರ ಕ್ರಮದಲ್ಲಿ ನನಗೆ ಬಹಳ ಆಶ್ಚರ್ಯ ತಂದದ್ದು ಬೇರೆ: ಅದರಲ್ಲಿ ಸಿಹಿಯೇ ಇಲ್ಲ. ಕಾಳು, ಹಂದಿ, ನೀರು, ಸ್ವಲ್ಪ ಕಾಳುಮೆಣಸಿನ ಪುಡಿ, ಅಷ್ಟೇ. 1896ಕ್ಕೆ ಬರುವಾಗ ಅಷ್ಟೇ ಕಾಳಿಗೆ ಒಂದು ದೊಡ್ಡ ಚಮಚ ಕಾಕಂಬಿ, ಮೂರು ದೊಡ್ಡ ಚಮಚ ಸಕ್ಕರೆ ಬಂತು. ಈಗಿನ ಅಡುಗೆಯವರು ಅದರ ಅರ್ಧದಷ್ಟು ಕಾಳಿಗೇ ಅರ್ಧ ಕಪ್ ಕಾಕಂಬಿ ಹಾಕುವುದು ಸಾಮಾನ್ಯ, ಅದರ ಮೇಲೆ ಕಂದು ಸಕ್ಕರೆ ಬೇರೆ. ಹಳೆಯ ಪದ್ಧತಿ ಅಂದರೆ ಗಾಢ ಸಿಹಿ ಅಂತ ನಾನೂ ನಂಬಿದ್ದೆ. ಈ ಎರಡು ಪುಟ ಓದಿದ ಮೇಲೆ ಕಾಕಂಬಿಯ ಬಾಟಲಿಯನ್ನು ನಾನು ಎತ್ತಿ ಸುರಿದಿಲ್ಲ, ಚಮಚದಲ್ಲೇ ಅಳೆದಿದ್ದೇನೆ.

ಕಾಕಂಬಿ ಅಂದರೆ ನಮ್ಮಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆಯ ಕಪ್ಪು ದ್ರವ ಕಣ್ಣಿಗೆ ಬರುತ್ತದೆ. ಅದು ಹೆಂಡ, ಸ್ಪಿರಿಟ್ಟಿಗೆ ಹೋಗುವಂಥದ್ದು, ಅಡುಗೆಗೆ ಅಲ್ಲ. ಅಮೆರಿಕದ ಅಡುಗೆಮನೆಯಲ್ಲಿ ಮೊದಲ ಕುದಿಯ ತಿಳಿ ಕಾಕಂಬಿ, ಎರಡನೆಯದರ ಗಾಢ ಕಾಕಂಬಿ, ಕೊನೆಯ ಕಹಿಯಾದ ಬ್ಲಾಕ್‌ಸ್ಟ್ರಾಪ್ ಅಂತ ಮೂರು ಬಗೆ ಸಿಗುತ್ತದೆ. ಬ್ಲಾಕ್‌ಸ್ಟ್ರಾಪ್ ಬೇಡ, ಕಾಳೆಲ್ಲ ಕಹಿಯಾಗುತ್ತದೆ. ಗಾಢ ಕಾಕಂಬಿಯೇ ಸರಿ, ಎರಡು ದೊಡ್ಡ ಚಮಚ ಸಾಕು.

ಈ ಕಾಕಂಬಿ ಬಾಸ್ಟನ್ನಿಗೆ ಬಂದ ದಾರಿ ಸಿಹಿಯಲ್ಲ. ಕೆರಿಬಿಯನ್ ದ್ವೀಪಗಳಲ್ಲಿ ಗುಲಾಮರು ದುಡಿದ ಕಬ್ಬಿನ ತೋಟಗಳಿಂದ ಹಡಗಿನಲ್ಲಿ ಬಂದು, ಇಲ್ಲಿ ರಮ್ ಆಗುತ್ತಿತ್ತು. ಆಮೇಲೂ ಈ ಊರು ಕಾಕಂಬಿಯನ್ನು ಬಿಡಲಿಲ್ಲ. 1919ರ ಜನವರಿ 15ರಂದು ನಗರದ ನಾರ್ತ್ ಎಂಡ್‌ನಲ್ಲಿ ಸುಮಾರು 87 ಲಕ್ಷ ಲೀಟರ್ ಕಾಕಂಬಿ ತುಂಬಿದ್ದ ತೊಟ್ಟಿ ಒಡೆದು 21 ಜನ ಸತ್ತರು. ಆ ತೊಟ್ಟಿಯದ್ದು ಕಾರ್ಖಾನೆಯ ಆಲ್ಕೋಹಾಲಿಗೆ ಇಟ್ಟ ಕಾಕಂಬಿ, ಬೀನ್ಸಿಗೆ ಅಲ್ಲ. ಆದರೂ ಬಾಟಲಿಯ ಮುಚ್ಚಳ ತೆಗೆದಾಗಲೆಲ್ಲ ನನಗೆ ಆ ತೋಟಗಳೂ ಆ ಬೀದಿಯೂ ನೆನಪಾಗುತ್ತವೆ.

ಮೇಪಲ್ ಸಿರಪ್ ಅಮೆರಿಕದ ವರ್ಮಾಂಟಿನವರ, ಕೆನಡಾದ ಕ್ವಿಬೆಕ್‌ನವರ ಆಯ್ಕೆ. ಕ್ವಿಬೆಕ್‌ನಲ್ಲಿ ವಸಂತದ ಆರಂಭದಲ್ಲಿ ಮೇಪಲ್ ಮರದ ರಸ ಕಾಯಿಸುವ ಗುಡಿಸಲುಗಳಲ್ಲಿ ಹಂದಿಯ ಕೊಬ್ಬು ಹಾಕಿದ ಬೀನ್ಸ್ ಬಡಿಸುತ್ತಾರೆ. ರುಚಿ ಹಗುರ, ಕಹಿ ಇಲ್ಲ. ಆದರೆ ದುಬಾರಿ ಸಿರಪ್ಪನ್ನು ಬೆಳಿಗ್ಗೆಯೇ ಹಾಕಿದರೆ ಪರಿಮಳವೆಲ್ಲ ಹಾರಿಹೋಗಿ ಬರೀ ಸಿಹಿ ಉಳಿಯುತ್ತದೆ. ಅರ್ಧವನ್ನು ಕೊನೆಯ ಗಂಟೆಗೆ ಉಳಿಸಿಕೊಳ್ಳಿ.

ಕರ್ನಾಟಕದಲ್ಲಿ ಇವೆರಡೂ ಸಿಗದಿದ್ದರೆ ಜೋನಿ ಬೆಲ್ಲ. ಕಾಕಂಬಿಗಿಂತ ಸಿಹಿ ಹೆಚ್ಚು, ಕಹಿ ಕಡಿಮೆ. ಅದಕ್ಕೇ ಒಂದೂವರೆ ದೊಡ್ಡ ಚಮಚಕ್ಕೆ ನಿಲ್ಲಿಸಿ.

ಸಾಸಿವೆ ಪುಡಿ ಅರ್ಧ ಚಮಚ ಹಾಕಿ. ಈರುಳ್ಳಿಯ ವಿಷಯದಲ್ಲಿ ನ್ಯೂ ಇಂಗ್ಲೆಂಡಿನ ಮನೆಗಳೊಳಗೇ ಜಗಳ ಇದೆ. ನಾನು ಒಂದು ಇಡೀ ಈರುಳ್ಳಿಯನ್ನು ತಳದಲ್ಲಿ ಇಡುತ್ತೇನೆ. ಟೊಮೆಟೊ ಬ್ರಿಟನ್ನಿನ ಡಬ್ಬಿಯ ಬೀನ್ಸಿನದ್ದು, ಈ ಗಡಿಗೆಗೆ ಬೇಡ.

ಪಾತ್ರೆ ಮತ್ತು ಬೆಂಕಿ

ಬೀನ್ ಪಾಟ್ ನೋಡಿದರೆ ಉಪ್ಪಿನಕಾಯಿ ಜಾಡಿಯ ತಂಗಿ ಅನ್ನಬೇಕು. ಹೊಟ್ಟೆ ಉಬ್ಬು, ಬಾಯಿ ಕಿರಿದು, ಮೆರುಗಿನ ಜೇಡಿ, ಮೇಲೊಂದು ಮುಚ್ಚಳ. ಬಾಯಿ ಕಿರಿದಾದ್ದರಿಂದ ನೀರು ಬೇಗ ಆರುವುದಿಲ್ಲ, ದಪ್ಪ ಗೋಡೆ ಶಾಖವನ್ನು ಒಂದೇ ಸಮ ಕೊಡುತ್ತದೆ. ಹಾಗಂತ ಮನೆಯ ಉಪ್ಪಿನಕಾಯಿ ಜಾಡಿಯನ್ನು ಓವನ್ನಿಗೆ ಇಡಬೇಡಿ, ಅದನ್ನು ಆ ಶಾಖಕ್ಕೆ ಮಾಡಿರುವುದಿಲ್ಲ. ಬೀನ್ ಪಾಟನ್ನು ಕೂಡ ತಣ್ಣಗಿನ ಓವನ್ನಿನಲ್ಲೇ ಇಟ್ಟು ನಿಧಾನ ಬಿಸಿಮಾಡಬೇಕು.

ಡಚ್ ಓವನ್, ಅಂದರೆ ಮುಚ್ಚಳವಿರುವ ದಪ್ಪ ಎರಕದ ಕಬ್ಬಿಣದ ಪಾತ್ರೆ, ಇದ್ದರೆ ಹೊಸದಾಗಿ ಗಡಿಗೆ ಕೊಳ್ಳುವ ಅಗತ್ಯ ಇಲ್ಲ. ಬಾಯಿ ಅಗಲ, ಹಾಗಾಗಿ ನೀರು ಹೆಚ್ಚು ಸಲ ನೋಡಬೇಕು. ಅದೊಂದೇ ಕೊರತೆ. ಒಳಗೆ ಎನಾಮೆಲ್ ಇರುವುದೇ ಒಳ್ಳೆಯದು.

ಸ್ಲೋ ಕುಕ್ಕರ್ ಬಗ್ಗೆ ಒಂದು ಎಚ್ಚರಿಕೆಯನ್ನು ಮೊದಲು ಹೇಳುತ್ತೇನೆ. ರಾಜ್ಮಾ ಜಾತಿಯ ಹಸಿ ಕಾಳಿನಲ್ಲಿ, ಅದರಲ್ಲೂ ಕೆಂಪು ಕಾಳಿನಲ್ಲಿ, ಹೊಟ್ಟೆ ಕೆಡಿಸುವ ಲೆಕ್ಟಿನ್ ಅನ್ನುವ ವಿಷಾಂಶ ಇರುತ್ತದೆ. ಸ್ಲೋ ಕುಕ್ಕರಿನ ಸಣ್ಣ ಬಿಸಿಗೆ ಅದು ಸಾಯುವುದಿಲ್ಲ. ಕಾಳನ್ನು ಮೊದಲೇ ಕೊತಕೊತ ಕುದಿಸಿಯೇ ಅದಕ್ಕೆ ಹಾಕಬೇಕು. ಹತ್ತು ನಿಮಿಷಕ್ಕೆ ಕಡಿಮೆ ಮಾಡಲೇಬೇಡಿ, ನಾನು ಅರ್ಧ ಗಂಟೆ ಕುದಿಸುತ್ತೇನೆ. ಇನ್ನು ರುಚಿ. ಕಾಳು ಮೆತ್ತಗಾಗುತ್ತದೆ, ಹಂದಿಯೂ ಬೇಯುತ್ತದೆ. ಆದರೆ ಆವಿ ಹೊರಗೆ ಹೋಗುವುದಿಲ್ಲ, ಮೇಲ್ಮೈ ಒಣಗುವುದಿಲ್ಲ, ಕಂದು ಬಣ್ಣ ಹತ್ತುವುದಿಲ್ಲ. ಕೆಲಸಕ್ಕೆ ಹೋಗುವವರು ಇದನ್ನೇ ಬಳಸುವುದಾದರೆ ಸಂಜೆ ಅಗಲ ತಟ್ಟೆಗೆ ಸುರಿದು ಒಂದು ಗಂಟೆ ಓವನ್ನಿನಲ್ಲಿಡಿ, ಅರ್ಧ ಕೊರತೆ ತುಂಬುತ್ತದೆ.

ನಮ್ಮ ಪ್ರೆಷರ್ ಕುಕ್ಕರ್ ಈ ಅಡುಗೆಯನ್ನು ಪೂರ್ತಿ ಮಾಡಲಾರದು, ಆದರೆ ಒಳ್ಳೆಯ ಸಹಾಯಕ. ನೆನೆದ ಕಾಳನ್ನು ಅರ್ಧಕ್ಕಿಂತ ಹೆಚ್ಚು ತುಂಬದೆ, ಒಂದು ವಿಷಲ್ ಕೂಗಿಸಿ ತಾನಾಗಿ ತಣಿಯಲು ಬಿಟ್ಟರೆ ಮೊದಲ ಬೇಯಿಸುವಿಕೆ ಮುಗಿಯಿತು. ಮೂರನೇ ವಿಷಲ್‌ಗೆ ಹೋದರೆ ಓವನ್ನಿಗೆ ಇಡಲು ಕಾಳು ಉಳಿಯುವುದಿಲ್ಲ, ಗೊಜ್ಜು ಉಳಿಯುತ್ತದೆ.

ಹಿತ್ತಲು ಇರುವವರಿಗೆ ಇನ್ನೊಂದು ದಾರಿ, ಮೇಯ್ನ್‌ನ ಬೀನ್ ಹೋಲ್. ಮರ ಕಡಿಯುವವರ ಬಿಡಾರಗಳಲ್ಲಿ ಬೆಳೆದ ಪದ್ಧತಿ. ಗುಂಡಿ ತೋಡಿ, ಗಟ್ಟಿ ಮರದ ಸೌದೆ ಉರಿಸಿ, ಕೆಂಡವಾದ ಮೇಲೆ ಕಬ್ಬಿಣದ ಹಂಡೆಯನ್ನು ಅದರೊಳಗೆ ಇಳಿಸಿ, ಮೇಲೆ ಕೆಂಡ ಮುಚ್ಚಿ, ಮಣ್ಣು ಎಳೆದು ರಾತ್ರಿಯಿಡೀ ಬಿಡುವುದು. ಪ್ಯಾಟನ್ ಅನ್ನುವ ಊರಿನ ಲಂಬರ್‌ಮೆನ್ಸ್ ಮ್ಯೂಸಿಯಂನಲ್ಲಿ ಆಗಸ್ಟ್ ತಿಂಗಳಲ್ಲಿ ಈಗಲೂ ಹೀಗೆ ಬೇಯಿಸಿ ಊಟ ಹಾಕುತ್ತಾರೆ. ಅದರ ರುಚಿಗೆ ಸಮ ಇಲ್ಲ, ಆದರೆ ಹತ್ತಿಪ್ಪತ್ತು ಜನ ಇಲ್ಲದೆ ಗುಂಡಿ ತೋಡಬೇಡಿ. ನಡುವೆ ತೆಗೆದು ನೀರು ಹಾಕಲು ಆಗುವುದಿಲ್ಲವಾದ್ದರಿಂದ ಅಂದಾಜು ಪಳಗಿರಬೇಕು.

ನಾನು ಮಾಡುವ ದಿನ

ಶುಕ್ರವಾರ ರಾತ್ರಿ 450 ಗ್ರಾಂ ನೇವಿ ಬೀನ್ಸ್ ನೆನೆಸುತ್ತೇನೆ. ಶನಿವಾರ ಎಂಟು ಗಂಟೆಗೆ ಒಲೆಯ ಮೇಲೆ, ಒಂಬತ್ತಕ್ಕೆ ಊದಿ ನೋಡುವುದು. ಗಡಿಗೆಯ ತಳದಲ್ಲಿ ಈರುಳ್ಳಿ, ಮೇಲೆ ಕಾಳು. ಮಾಂಸವನ್ನು ಚರ್ಮ ಮೇಲಾಗಿ, ಕಾಳಿನ ಮಟ್ಟಕ್ಕೆ ಬರುವಂತೆ ಒತ್ತಿ ಕೂರಿಸುತ್ತೇನೆ. ಎರಡು ದೊಡ್ಡ ಚಮಚ ಕಾಕಂಬಿ, ಅರ್ಧ ಚಮಚ ಸಾಸಿವೆ ಪುಡಿ, ಸ್ವಲ್ಪ ಕಾಳುಮೆಣಸನ್ನು ಬಿಸಿ ಕಟ್ಟಿನಲ್ಲಿ ಕದಡಿ, ಕಾಳು ಮುಳುಗುವಷ್ಟು ಹುಯ್ಯುತ್ತೇನೆ. ಉಪ್ಪನ್ನು ಈಗ ಹಾಕುವುದಿಲ್ಲ, ಮಾಂಸದ ಉಪ್ಪು ಎಷ್ಟು ಇಳಿಯುತ್ತದೆ ಅಂತ ಸಂಜೆ ನೋಡಿದರಾಯಿತು. ಓವನ್ 120 ಡಿಗ್ರಿ ಸೆಲ್ಸಿಯಸ್. ಅವಸರವಿದ್ದರೆ 150ರಲ್ಲಿ ಆರು ಗಂಟೆಗೆ ಆಗುತ್ತದೆ, ಆದರೆ ಅಂಚಿನ ಕಾಳು ಒಡೆಯುತ್ತದೆ.

ಮೂರು ಗಂಟೆ ಮುಟ್ಟುವುದಿಲ್ಲ. ಆಮೇಲೆ ಗಂಟೆಗೊಮ್ಮೆ ಮುಚ್ಚಳ ಎತ್ತಿ, ಕಾಳಿನ ತಲೆ ಕಂಡರೆ ಮುಳುಗುವಷ್ಟೇ ನೀರು. ಕುದಿಯುವ ನೀರೇ ಆಗಬೇಕು. ತಣ್ಣೀರು ಹುಯ್ದು ಒಂದು ಗಡಿಗೆಯನ್ನು ನಾನು ಸೀಳಿಸಿಕೊಂಡಿದ್ದೇನೆ, ಓವನ್ನಿನ ತಳದಲ್ಲಿ ಕಾಕಂಬಿ ಸುಟ್ಟ ವಾಸನೆ ವಾರಗಟ್ಟಲೆ ಹೋಗಲಿಲ್ಲ. ಚಮಚದಿಂದ ತಿರುವಬೇಡಿ, ಕಾಳು ನಜ್ಜಾಗುತ್ತದೆ.

ನಾಲ್ಕೂವರೆಗೆ ಮುಚ್ಚಳ ತೆಗೆಯುತ್ತೇನೆ. ಮುಚ್ಚಿಯೇ ಇಟ್ಟರೆ ರಸ ಹೆಚ್ಚು ಉಳಿಯುತ್ತದೆ, ಅನ್ನಕ್ಕೆ ಕಲಸಿಕೊಳ್ಳುವವರು ಹಾಗೇ ಮಾಡಿ. ತೆಗೆದರೆ ಚರ್ಮ ಗರಿಗರಿಯಾಗಿ ಕಂದು ಬರುತ್ತದೆ, ಮೇಲಿನ ಕಾಳಿಗೆ ಜೋನಿಯಂಥ ಹೊಳಪು ಹತ್ತುತ್ತದೆ. ಈ ಒಂದು ಗಂಟೆ ನೀರು ಹಾಕುವ ಹಾಗಿಲ್ಲ. ಐದೂವರೆಗೆ ಒಂದು ಕಾಳನ್ನು ನಾಲಿಗೆಯ ಮೇಲಿಟ್ಟು ಅಂಗುಳಕ್ಕೆ ಒತ್ತಿ ನೋಡುತ್ತೇನೆ. ಹಲ್ಲು ತಾಗಿಸದೆ ಕರಗಬೇಕು, ಚಮಚದ ಮೇಲೆ ಮಾತ್ರ ಇಡಿಯಾಗಿ ಕಾಣಬೇಕು. ಆಮೇಲೆ ಉಪ್ಪು ನೋಡಿ, ಹಂದಿಯ ತುಂಡನ್ನು ಗೀರುಗಳ ಮೇಲೇ ಕತ್ತರಿಸಿ, ಎಲ್ಲರ ತಟ್ಟೆಗೂ ಚರ್ಮದ ಒಂದೊಂದು ಚೌಕ ಬರುವಂತೆ ಹಂಚುತ್ತೇನೆ. ಮಿಕ್ಕಿದ್ದು ತಣಿದ ಕೂಡಲೇ ಫ್ರಿಜ್ಜಿಗೆ. ಬೆಳಿಗ್ಗೆ ರಸ ಗಟ್ಟಿಯಾಗಿರುತ್ತದೆ, ಎರಡು ಚಮಚ ನೀರು ಹಾಕಿ ಬಿಸಿಮಾಡಿ ಅಕ್ಕಿರೊಟ್ಟಿಯ ಜೊತೆ ತಿನ್ನುತ್ತೇವೆ.